ಎಲೆ ಬಿಟ್ಟು ಮೇಜು ಕಲಿತ ಕಂಪ್ಯೂಟರ್

ಕೋಲಾರ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನದ ಟೀಚರ್. ನಮ್ಮ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಮನೆಯಲ್ಲಿ ಟೊಮೆಟೊ ಬೆಳೆಯುತ್ತಾರೆ. ಬೆಳಿಗ್ಗೆ ಹಣ್ಣು ಬಿಡಿಸಿ, ಕ್ರೇಟ್ ತುಂಬಿಸಿ ಆಮೇಲೆ ಶಾಲೆಗೆ ಬರುವವರಿದ್ದಾರೆ.

ಎರಡು ವರ್ಷ ಅವರಿಗೆ ಸ್ಕ್ರ್ಯಾಚ್ ಹೇಳಿಕೊಟ್ಟೆ, ಅಂದರೆ ಬ್ಲಾಕ್ ಜೋಡಿಸಿ ಪ್ರೋಗ್ರಾಂ ಬರೆಯುವ ತಂತ್ರಾಂಶ. 'ಹೀಗಿದ್ದರೆ ಹಾಗೆ ಮಾಡು' ಎಂದು ಬ್ಲಾಕ್ ಜೋಡಿಸುವುದು ಚೆನ್ನಾಗಿ ಬಂತು. ಒಂದು ದಿನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಟೊಮೆಟೊ ಎಲೆ ಮುದುರಿಕೊಳ್ಳುವ ಮುಟುರು ರೋಗ ಬಂದ ಎಲೆ ತಂದು, "ಮಿಸ್, ಇದನ್ನ ಕಂಪ್ಯೂಟರ್ ಕಂಡುಹಿಡಿಯೋ ಹಂಗೆ ಬ್ಲಾಕ್ ಹಾಕೋಣ" ಅಂದಳು. ಕೂತೆವು. ಎಲೆ ಸಣ್ಣಗಿದ್ದರೆ, ಅಂಚು ಮಡಚಿದ್ದರೆ, ಹಳದಿಯಾಗಿದ್ದರೆ... ಸಣ್ಣ ಅಂದರೆ ಎಷ್ಟು? ಯಾವ ಹಳದಿ? ಒಂದು ಪೀರಿಯಡ್ ಪೂರ್ತಿ ಬೋರ್ಡಿನ ಮೇಲೆ ಬರೆದು ಅಳಿಸಿದ್ದೇ ಆಯಿತು. ನಿಯಮ ಬರೆಯಲಾಗದ ಕಡೆ ಉದಾಹರಣೆ ತೋರಿಸಿ ಕಲಿಸಬಹುದು ಎಂದು ಹೇಳಲು ಅದಕ್ಕಿಂತ ಒಳ್ಳೆಯ ದಿನ ಸಿಗುತ್ತಿರಲಿಲ್ಲ.

ಫೋಟೊ ತೋರಿಸಿ ಕಂಪ್ಯೂಟರಿಗೆ ಗುರುತಿಸಲು ಕಲಿಸುವ ಗೂಗಲ್‌ನ ಟೀಚಬಲ್ ಮಷಿನ್ ಎಂಬ ವೆಬ್ ತಂತ್ರಾಂಶ ತೆರೆದೆವು. ದುಡ್ಡು ಕೊಡಬೇಕಿಲ್ಲ, ಕಲಿಕೆಯೆಲ್ಲ ನಮ್ಮ ಕಂಪ್ಯೂಟರಿನ ಬ್ರೌಸರ್ ಒಳಗೇ ನಡೆಯುವುದರಿಂದ ನನ್ನ ಫೋನಿನ ಹಾಟ್‌ಸ್ಪಾಟ್ ಸಾಕಾಯಿತು. ತರಬೇತಿ ನಡೆಯುವಾಗ ಬೇರೆ ಟ್ಯಾಬಿಗೆ ಹೋಗಬಾರದು, ಅಷ್ಟೆ. 'ಒಳ್ಳೆ ಎಲೆ', 'ಮುಟುರು' ಎಂದು ಎರಡು ಗುಂಪು ಮಾಡಿ ಒಂದೊಂದಕ್ಕೂ 80 ಫೋಟೊ ಹಾಕಿದೆವು. ತಂತ್ರಾಂಶವೇ 100ಕ್ಕೆ 15 ಫೋಟೊ ಪರೀಕ್ಷೆಗೆಂದು ಎತ್ತಿಡುತ್ತದೆ. ಆ ಪರೀಕ್ಷೆಯಲ್ಲಿ ಒಂದೂ ತಪ್ಪಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಮೇಜಿನ ಮೇಲೆ ಸೀಮೆಸುಣ್ಣದ ಡಬ್ಬಿ ಇಟ್ಟು ಕ್ಯಾಮೆರಾ ಹಿಡಿದ. 'ಮುಟುರು, 98%' ಎಂದು ಬಂತು. ಎಲ್ಲರೂ ನಕ್ಕರು. ಅವನು ನಗಲಿಲ್ಲ. ಡಬ್ಬಿ ತೆಗೆದು ಬರೀ ಮೇಜು ತೋರಿಸಿದ. ಆಗಲೂ ಮುಟುರು.

"ಮಿಸ್, ಇದು ಎಲೆ ನೋಡ್ತಾನೇ ಇಲ್ಲ. ಟೇಬಲ್ ನೋಡ್ಕಂಡು ಹೇಳ್ತೈತೆ."

ನಿಜ. ಒಳ್ಳೆ ಎಲೆಗಳ ಫೋಟೊ ತೋಟದ ಕೆಮ್ಮಣ್ಣಿನ ಮೇಲೆ ತೆಗೆದಿದ್ದೆವು. ರೋಗದ ಎಲೆಗಳನ್ನು ಕವರಿನಲ್ಲಿ ತಂದು ಲ್ಯಾಬಿನ ನೀಲಿ ಮೇಜಿನ ಮೇಲಿಟ್ಟು ತೆಗೆದಿದ್ದೆವು. ಪರೀಕ್ಷೆಗೆ ಎತ್ತಿಟ್ಟ ಫೋಟೊಗಳೂ ಅದೇ ಮಣ್ಣು, ಅದೇ ಮೇಜಿನವು. ಫೇಲಾಗುವುದಾದರೂ ಹೇಗೆ? ನನ್ನ ಹದಿನಾರು ವರ್ಷದ ಪಾಠದಲ್ಲಿ ಪುರಾವೆ ಅಂದರೇನು ಎಂದು ಇಷ್ಟು ಚೆನ್ನಾಗಿ ಮನದಟ್ಟಾದ ಗಳಿಗೆ ಇನ್ನೊಂದಿಲ್ಲ.

ಮತ್ತೆ ಮೊದಲಿನಿಂದ ಶುರು ಮಾಡಿದೆವು. ಎರಡೂ ಬಗೆಯ ಎಲೆ ಮಣ್ಣಿನ ಮೇಲೆ, ಅಂಗೈ ಮೇಲೆ, ಮೇಜಿನ ಮೇಲೆ, ಬಿಸಿಲಲ್ಲಿ, ನೆರಳಲ್ಲಿ. ಪರೀಕ್ಷೆಗೆ ಕಂಪ್ಯೂಟರ್ ಕಾಣದ ಬೇರೊಂದು ತೋಟದ 30 ಎಲೆ. ಈ ಸಲ 23 ಸರಿ, 7 ತಪ್ಪು.

ಆ ಏಳನ್ನು ಹುಡುಗಿಯೊಬ್ಬಳು ತನ್ನ ಅಮ್ಮನಿಗೆ ತೋರಿಸಿದಳು. ಅವರು ನಾಲ್ಕನ್ನು ಪಕ್ಕಕ್ಕಿಟ್ಟು, "ಇವು ಮುಟುರಲ್ಲ, ಮಧ್ಯಾಹ್ನ ನೀರು ಸಾಲದೆ ಸುತ್ತಿಕೊಂಡಿರೋವು. ಮುಟುರಾದ್ರೆ ಗಿಡಾನೇ ಬೆಳೆಯಲ್ಲ, ಸುಳಿ ಎಲೆ ಚಿಕ್ಕದಾಗ್ತದೆ" ಅಂದರಂತೆ. ಆ ನಾಲ್ಕಕ್ಕೆ ಕಂಪ್ಯೂಟರ್ 'ಒಳ್ಳೆ ಎಲೆ' ಎಂದಿತ್ತು, ನಮ್ಮ ಚೀಟಿಯಲ್ಲಿ 'ಮುಟುರು' ಎಂದಿತ್ತು. ತಪ್ಪು ನಮ್ಮದು.

ಇನ್ನೊಬ್ಬ ಹುಡುಗ ರೋಗ ಹರಡುವ ಬಿಳಿನೊಣವನ್ನೇ ಹಿಡಿಯೋಣ ಅಂದ. ಈ ತಂತ್ರಾಂಶ ಪ್ರತಿ ಫೋಟೊವನ್ನೂ 224 ಅಡ್ಡ, 224 ಉದ್ದದ ಚುಕ್ಕಿಗಳಿಗೆ ಕುಗ್ಗಿಸುತ್ತದೆ. ಅಷ್ಟಕ್ಕೆ ಕುಗ್ಗಿಸಿ ತೋರಿಸಿದೆ. ಎಲೆ ಕಂಡಿತು, ನೊಣ ಮಾಯ. ಎಲೆಯ ಅಡಿಭಾಗವನ್ನು ಹತ್ತಿರದಿಂದ ತೆಗೆದು ಅಷ್ಟನ್ನೇ ಕತ್ತರಿಸಿ ಹಾಕಬೇಕೆಂದು ಅವನೇ ಹೇಳಿದ.

ಈ ವರ್ಷ ಫೋಟೊಗಿಂತ ಮೊದಲು ನೋಟ್‌ಬುಕ್ ಮಾಡಿಸಿದ್ದೇನೆ. ಯಾವ ತೋಟ, ಎಷ್ಟು ಗಂಟೆ, ನೀರು ಬಿಟ್ಟು ಎಷ್ಟು ದಿನ, ರೋಗ ಎಂದು ಹೇಳಿದವರು ಯಾರು. ಕೊನೆಯ ಕಾಲಂನಲ್ಲಿ ಹೆಚ್ಚಾಗಿ 'ಅಮ್ಮ' ಎಂದೇ ಇದೆ.