ಒಂಬತ್ತು ನಿಮಿಷದ ಪಾಸ್: ಉಪಗ್ರಹದ ಕನ್ಸೋಲ್‌ಗೆ ಹೊಸದಾಗಿ ಕೂರುವವರಿಗೆ

500 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹ ಬೆಂಗಳೂರಿನ ನೆತ್ತಿಯ ಮೇಲೇ ಹಾದುಹೋದರೂ ಆಂಟೆನಾಗೆ ಸಿಗುವುದು ಸುಮಾರು ಒಂಬತ್ತು ನಿಮಿಷ. ಇದನ್ನೇ ಪಾಸ್ ಎನ್ನುವುದು. ಎಲಿವೇಶನ್ (ದಿಗಂತದಿಂದ ಮೇಲಕ್ಕೆ ಅಳೆದ ಕೋನ) 5 ಡಿಗ್ರಿ ದಾಟಿದಾಗಿನಿಂದ ಮತ್ತೆ 5ಕ್ಕೆ ಇಳಿಯುವವರೆಗಿನ ಲೆಕ್ಕ ಇದು. ಧ್ರುವ ಕಕ್ಷೆಯ ಉಪಗ್ರಹವಾದರೆ ಇಂಥ ಪಾಸ್ ದಿನಕ್ಕೆ ಮೂರೋ ನಾಲ್ಕೋ ಇರುತ್ತವೆ, ಎಲ್ಲವೂ ನೆತ್ತಿಯ ಮೇಲೆ ಬರುವುದೂ ಇಲ್ಲ. ಹಾಗಾಗಿ ಯೋಚನೆಯ ಕೆಲಸವೆಲ್ಲ ಪಾಸ್‌ಗೆ ಮೊದಲೇ ಮುಗಿದಿರಬೇಕು.

ಹಾಸನ, ಭೋಪಾಲದ ಎಂಸಿಎಫ್‌ಗಳು (ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರಗಳು) ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳ ಕೆಲಸ ಬೇರೆ ಬಗೆಯದು. ಅವು 36,000 ಕಿ.ಮೀ. ದೂರದಲ್ಲಿದ್ದರೂ ಸದಾ ಎದುರಿಗೇ ಇರುತ್ತವೆ. ಇಲ್ಲಿ ಹೇಳುತ್ತಿರುವುದು ಪೀಣ್ಯದಲ್ಲಿರುವ ಇಸ್ರೋದ ಉಪಗ್ರಹ ನಿಯಂತ್ರಣ ಜಾಲದ ಕೇಂದ್ರ ಇಸ್ಟ್ರಾಕ್‌ನಲ್ಲೂ ನಗರದ ಖಾಸಗಿ ಕಂಪನಿಗಳಲ್ಲೂ ನಡೆಯುವ ಕೆಳಕಕ್ಷೆಯ ಕೆಲಸದ ಬಗ್ಗೆ.

ಪಾಸ್‌ಗೆ ಮೊದಲು

ಮೊದಲು ಗಡಿಯಾರ. ಕನ್ಸೋಲ್‌ನಲ್ಲಿ, ಅಂದರೆ ಉಪಗ್ರಹವನ್ನು ನಿಯಂತ್ರಿಸುವ ಪರದೆಗಳ ಮುಂದೆ, ಎಲ್ಲವೂ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ). ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಂದರೆ ಲಾಗ್‌ಬುಕ್‌ನಲ್ಲಿ ತಾರೀಕು ಬದಲಾಗುವುದು ಬೆಳಗಿನ ಜಾವ 5:30ಕ್ಕೆ, ರಾತ್ರಿ ಶಿಫ್ಟ್‌ನ ನಡುವೆ, ನಿದ್ದೆ ಕಣ್ಣಿಗೆ ಎಳೆಯುವ ಹೊತ್ತಿಗೆ ಸರಿಯಾಗಿ. ಸಮಯ ಕಟ್ಟಿ ಕಳಿಸುವ ಕಮಾಂಡ್‌ಗಳು ಒಂದು ದಿನ ಹಿಂದೆ ಮುಂದೆ ಆಗುವುದು ಇಲ್ಲೇ. ತಾರೀಕಿನ ಜೊತೆಗೆ ವರ್ಷದ ಎಷ್ಟನೇ ದಿನ ಎಂಬುದನ್ನೂ ಬರೆದು, ಇಬ್ಬರು ಬೇರೆ ಬೇರೆಯಾಗಿ ಲೆಕ್ಕ ಹಾಕಿ ತಾಳೆ ನೋಡಬೇಕು.

ಆಮೇಲೆ ಕಕ್ಷೆಯ ದತ್ತಾಂಶ. ಸಾರ್ವಜನಿಕವಾಗಿ ಸಿಗುವ ಟಿಎಲ್‌ಇ (ಕಕ್ಷೆಯನ್ನು ಎರಡು ಸಾಲಿನ ಅಂಕಿಗಳಲ್ಲಿ ಹೇಳುವ ದತ್ತಾಂಶ) ಹೊಸದಾಗಿದ್ದಾಗಲೇ ಸುಮಾರು 1 ಕಿ.ಮೀ. ತಪ್ಪಿರಬಹುದು, ದಿನ ಕಳೆದಂತೆ ತಪ್ಪು ಬೆಳೆಯುತ್ತದೆ. ಉಪಗ್ರಹ ಸೆಕೆಂಡಿಗೆ 7.6 ಕಿ.ಮೀ. ಓಡುತ್ತದೆ. 5 ಮೀಟರ್ ಡಿಶ್‌ನ ಎಕ್ಸ್-ಬ್ಯಾಂಡ್ (ಹೆಚ್ಚಿನ ಆವರ್ತನದ) ಬೀಮ್ ಅರ್ಧ ಡಿಗ್ರಿಯಷ್ಟೇ ಅಗಲ. ಉಪಗ್ರಹ ನೆತ್ತಿಯ ಮೇಲಿರುವಾಗ ಲೆಕ್ಕ ಸೆಕೆಂಡಿನ ಮೂರನೇ ಒಂದು ಪಾಲು ತಪ್ಪಿದರೂ ಸಿಗ್ನಲ್ ಅರ್ಧಕ್ಕೆ ಇಳಿಯುತ್ತದೆ. ಕಡಿಮೆ ಆವರ್ತನದ, ಬೀಮ್ ಅಗಲವಾಗಿರುವ ಎಸ್-ಬ್ಯಾಂಡ್ ಚೆನ್ನಾಗಿ ಬರುತ್ತಿದೆ, ಎಕ್ಸ್-ಬ್ಯಾಂಡ್ ಮಾತ್ರ ಇಲ್ಲ ಎಂದಾದರೆ ಉಪಗ್ರಹವನ್ನು ದೂರುವ ಮೊದಲು ಟಿಎಲ್‌ಇ ಎಷ್ಟು ದಿನದ್ದು ಎಂದು ನೋಡಿ. ಸಂಜೆ ಮಳೆ ಹುಯ್ಯುತ್ತಿದ್ದರೆ ಕಾರಣ ಅದೂ ಇರಬಹುದು.

ಎಲಿವೇಶನ್ 85 ದಾಟುವ ಪಾಸ್ ನೋಡಲು ಚೆಂದ, ಆಂಟೆನಾಗೆ ಕಷ್ಟ. ಆ ಕ್ಷಣದಲ್ಲಿ ಅಜಿಮತ್ (ಆಂಟೆನಾ ಅಡ್ಡಕ್ಕೆ ತಿರುಗುವ ಕೋನ) ಸೆಕೆಂಡಿಗೆ 10 ಡಿಗ್ರಿಗೂ ಹೆಚ್ಚು ತಿರುಗಬೇಕಾಗುತ್ತದೆ. ಎರಡೇ ಅಕ್ಷದ ಮೌಂಟ್ ಹಿಂದೆ ಬೀಳುತ್ತದೆ, ಲಾಕ್ (ಸಿಗ್ನಲ್ ಮೇಲಿನ ಹಿಡಿತ) ಹೋಗುತ್ತದೆ. ಮುಖ್ಯ ಕಮಾಂಡ್‌ಗಳನ್ನು ಆ ಅರ್ಧ ನಿಮಿಷಕ್ಕೆ ಇಡಬೇಡಿ. 50ರಿಂದ 70 ಡಿಗ್ರಿಯ ಪಾಸ್ ಕೆಲಸಕ್ಕೆ ಇದಕ್ಕಿಂತ ವಾಸಿ.

ಪಾಸ್ ಶುರುವಾದ ಮೇಲೆ

ಹತ್ತು ನಿಮಿಷ ಮೊದಲೇ ಆಂಟೆನಾ ಉಪಗ್ರಹ ಮೂಡುವ ದಿಕ್ಕಿಗೆ ತಿರುಗಿ ನಿಂತಿರಲಿ. 2.2 ಗಿಗಾಹರ್ಟ್ಸ್‌ನಲ್ಲಿ ಡಾಪ್ಲರ್ (ಉಪಗ್ರಹದ ಓಟದಿಂದ ಆವರ್ತನದಲ್ಲಾಗುವ ಬದಲಾವಣೆ) ಸುಮಾರು +50 ಕಿಲೋಹರ್ಟ್ಸ್‌ನಿಂದ ಶುರುವಾಗಿ ಕೊನೆಗೆ −50ಕ್ಕೆ ಇಳಿಯುತ್ತದೆ. ದಿಗಂತದ ಬಳಿ ಉಪಗ್ರಹ 2,000 ಕಿ.ಮೀ.ಗೂ ಹೆಚ್ಚು ದೂರವಿರುವುದರಿಂದ ಸಿಗ್ನಲ್ ನೆತ್ತಿಯ ಮೇಲಿದ್ದಾಗಿಗಿಂತ 12 ಡೆಸಿಬೆಲ್ ಕಡಿಮೆ. ಮೊದಲ ಅರ್ಧ ನಿಮಿಷ ಲಾಕ್ ಬಂದು ಹೋಗಿ ಮಾಡಿದರೆ ಗಾಬರಿ ಬೇಡ.

ಲಾಕ್ ಸಿಕ್ಕಿದ ಕೂಡಲೇ ನೋಡಬೇಕಾದದ್ದು ಬ್ಯಾಟರಿಯನ್ನಲ್ಲ, ಫ್ರೇಮ್ ಕೌಂಟರನ್ನು, ಅಂದರೆ ಉಪಗ್ರಹ ಕಳಿಸುವ ದತ್ತಾಂಶದ ಕಂತುಗಳ ಎಣಿಕೆಯನ್ನು. ಅದು ಏರುತ್ತಿದೆಯೇ? ಉಪಗ್ರಹದೊಳಗಿನ ಗಡಿಯಾರ ನಿಮ್ಮ ಯುಟಿಸಿಗೆ ಹೊಂದುತ್ತಿದೆಯೇ? ಎಷ್ಟೋ ಡಿಸ್‌ಪ್ಲೇಗಳು ಕೊನೆಗೆ ಬಂದ ಮೌಲ್ಯವನ್ನೇ ಹಸಿರು ಬಣ್ಣದಲ್ಲಿ ಹಿಡಿದು ನಿಲ್ಲುತ್ತವೆ. ಪರದೆ ತುಂಬ ಹಸಿರಿದ್ದು, ಆ ಹಸಿರು ಹಿಂದಿನ ಪಾಸ್‌ನದ್ದಾಗಿರುವುದು ಹೊಸಬರು ಎಲ್ಲಕ್ಕಿಂತ ಹೆಚ್ಚು ಎಡವುವ ಜಾಗ.

ಆಮೇಲೆ ಏನನ್ನೂ ಬದಲಿಸದ ಖಾಲಿ ಕಮಾಂಡ್ ಒಂದನ್ನು ಕಳಿಸಿ. ಕಮಾಂಡ್ ಕೌಂಟರ್ ಒಂದು ಹೆಚ್ಚಾದರೆ ದಾರಿ ತೆರೆದಿದೆ ಎಂದು ಅರ್ಥ. ಹೆಚ್ಚಾಗದಿದ್ದರೆ ಮತ್ತೆ ಮತ್ತೆ ಒತ್ತುತ್ತಾ ಕೂರಬೇಡಿ, ಕಾರಣ ಹುಡುಕಿ. ಅಪ್‌ಲಿಂಕ್ (ನೆಲದಿಂದ ಉಪಗ್ರಹಕ್ಕೆ ಕಳಿಸುವ) ಆವರ್ತನಕ್ಕೆ ಡಾಪ್ಲರ್ ತಿದ್ದುಪಡಿ ಹಾಕದೇ ಇದ್ದುದರಿಂದ ಉಪಗ್ರಹದ ರಿಸೀವರ್ ಲಾಕ್ ಆಗದೆ ಇರಬಹುದು. ಅಥವಾ ಕಮಾಂಡ್ ಫ್ರೇಮ್‌ನ ಕ್ರಮಸಂಖ್ಯೆ ತಪ್ಪಿ ಉಪಗ್ರಹ ಲಾಕ್‌ಔಟ್ ಸ್ಥಿತಿಗೆ ಹೋಗಿರಬಹುದು. ಆಗ ಅನ್‌ಲಾಕ್ ಕಮಾಂಡ್ ಕೊಡುವವರೆಗೆ ನೂರು ಸಲ ಕಳಿಸಿದರೂ ಪ್ರಯೋಜನವಿಲ್ಲ.

ಕೊನೆಯ ಎರಡು ನಿಮಿಷ ಅಪಾಯದ ಕಮಾಂಡ್ ಯಾವುದೂ ಬೇಡ. ಕಳಿಸಿದ್ದರ ಫಲ ನೋಡಲು ಸಮಯ ಉಳಿದಿರಲೇಬೇಕು.

ಸೇಫ್ ಮೋಡ್ ಕಂಡರೆ

ಉಪಗ್ರಹ ಸೇಫ್ ಮೋಡ್‌ಗೆ (ತೊಂದರೆ ಕಂಡಾಗ ಅಗತ್ಯದ ಕೆಲಸಗಳನ್ನಷ್ಟೇ ಮಾಡುವ ಸ್ಥಿತಿಗೆ) ಹೋಗಿದ್ದರೆ ಅದು ತನ್ನನ್ನು ತಾನು ಉಳಿಸಿಕೊಂಡಿದೆ. ಅವಸರಪಟ್ಟು ಅದನ್ನು ಕೆಡಿಸಬೇಡಿ. ಆ ಪಾಸ್‌ನಲ್ಲಿ ಓದುವುದಷ್ಟೇ ಕೆಲಸ: ಬ್ಯಾಟರಿ ವೋಲ್ಟೇಜ್, ಸೌರಫಲಕದ ಕರೆಂಟ್, ಮೂರು ಅಕ್ಷದಲ್ಲಿ ತಿರುಗುವ ವೇಗ, ಉಷ್ಣತೆ, ರೀಸೆಟ್ ಎಣಿಕೆ ಮತ್ತು ಅದರ ಕಾರಣದ ಕೋಡ್. ಹಳೆಯ ಲಾಗ್‌ಗಳ ಮೇಲೆ ಹೊಸವು ಬರೆದುಕೊಳ್ಳುವ ಮೊದಲೇ ಅವನ್ನು ಇಳಿಸಿಕೊಳ್ಳಬೇಕು. ಪೇಲೋಡ್ (ಕ್ಯಾಮೆರಾದಂಥ ಮುಖ್ಯ ಉಪಕರಣ) ಆನ್ ಮಾಡುವ ಮಾತು ಆಮೇಲೆ.

ಮೌಲ್ಯಗಳನ್ನು ಕಕ್ಷೆಯ ಅದೇ ಜಾಗದ ಹಿಂದಿನ ಮೌಲ್ಯಗಳಿಗೇ ಹೋಲಿಸಿ. ಪ್ರತಿ ಸುತ್ತಿನಲ್ಲಿ ಸುಮಾರು 35 ನಿಮಿಷ ಉಪಗ್ರಹ ಭೂಮಿಯ ನೆರಳಿನಲ್ಲಿರಬಹುದು. ನಮ್ಮ ಸಮಯದ ರಾತ್ರಿ ಹತ್ತೂವರೆಯ ಪಾಸ್‌ನಲ್ಲಿ ಸೌರಫಲಕದ ಕರೆಂಟ್ ಸೊನ್ನೆ ಇದ್ದರೆ ಅದು ಸಹಜ. ಬೆಳಗಿನ ಪಾಸ್‌ನಲ್ಲಿ ಸೊನ್ನೆ ಇದ್ದರೆ ಕೂಡಲೇ ಹಿರಿಯರನ್ನು ಎಬ್ಬಿಸಿ. ರೀಸೆಟ್ ಆದದ್ದು ದಕ್ಷಿಣ ಅಟ್ಲಾಂಟಿಕ್ ಮೇಲೆ ಎಂದಾದರೆ ಅಲ್ಲಿನ ವಿಕಿರಣ ಮೆಮೊರಿಯ ಬಿಟ್ ಒಂದನ್ನು ಮಗುಚಿರುವ ಸಾಧ್ಯತೆ ಹೆಚ್ಚು.

ಡಿಕ್ಕಿಯ ಎಚ್ಚರಿಕೆ

ಬೇರೊಂದು ಉಪಗ್ರಹಕ್ಕೋ ಬಾಹ್ಯಾಕಾಶದ ಕಸಕ್ಕೋ ಡಿಕ್ಕಿಯಾಗುವ ಸಂಭವನೀಯತೆ ಹತ್ತು ಸಾವಿರಕ್ಕೆ ಒಂದನ್ನು ಮುಟ್ಟಿದರೆ ಸಾಮಾನ್ಯವಾಗಿ ಪಥ ಬದಲಿಸುವ ತಯಾರಿ ಶುರುವಾಗುತ್ತದೆ. ಇದರಲ್ಲಿ ಬೇಗ ನಿರ್ಧರಿಸಿದಷ್ಟೂ ಇಂಧನ ಉಳಿತಾಯ. ಓಡುವ ದಿಕ್ಕಿನಲ್ಲಿ ಸೆಕೆಂಡಿಗೆ ಕೇವಲ 1 ಸೆಂ.ಮೀ. ವೇಗ ಬದಲಿಸಿದರೂ 24 ಗಂಟೆಯಲ್ಲಿ ಉಪಗ್ರಹ ಮೊದಲಿನ ಜಾಗದಿಂದ ಸುಮಾರು 2.6 ಕಿ.ಮೀ. ಸರಿದಿರುತ್ತದೆ. ಆರು ಗಂಟೆ ಮಾತ್ರ ಉಳಿದಿದ್ದರೆ ಅಷ್ಟೇ ದೂರಕ್ಕೆ ನಾಲ್ಕು ಪಟ್ಟು ತಳ್ಳಬೇಕು. ಹೊಸ ಪಥದಲ್ಲಿ ಬೇರೆ ಯಾವುದಾದರೂ ಎದುರಾಗುತ್ತದೆಯೇ ಎಂದು ಪರೀಕ್ಷಿಸದೆ ಥ್ರಸ್ಟರ್ (ಉಪಗ್ರಹವನ್ನು ತಳ್ಳುವ ಪುಟ್ಟ ಎಂಜಿನ್) ಮುಟ್ಟುವಂತಿಲ್ಲ.

ಕೆಲಸಕ್ಕೆ ಸೇರುವ ಮೊದಲು

ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಅಥವಾ ಏರೋಸ್ಪೇಸ್ ಪದವಿ, ಜೊತೆಗೆ ಲಿನಕ್ಸ್, ಪೈಥಾನ್ ಇದ್ದರೆ ಬಾಗಿಲು ತೆರೆಯುತ್ತದೆ. ಅಭ್ಯಾಸಕ್ಕೆ ಮನೆಯ ತಾರಸಿ ಸಾಕು. 53 ಸೆಂ.ಮೀ. ಉದ್ದದ ಎರಡು ಅಲ್ಯೂಮಿನಿಯಂ ಕಡ್ಡಿಗಳನ್ನು 120 ಡಿಗ್ರಿ ಕೋನದಲ್ಲಿ ನೆಲಕ್ಕೆ ಸಮಾನಾಂತರವಾಗಿ ಕಟ್ಟಿ, ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್‌ಗೆ (ಕಂಪ್ಯೂಟರ್‌ಗೆ ಸಿಕ್ಕಿಸುವ ಪುಟ್ಟ ರೇಡಿಯೋ ರಿಸೀವರ್) ಜೋಡಿಸಿ. ಜಿಪ್ರೆಡಿಕ್ಟ್ ತಂತ್ರಾಂಶದಲ್ಲಿ ಪಾಸ್‌ನ ಸಮಯ ನೋಡಿಕೊಂಡು, 137.9 ಮೆಗಾಹರ್ಟ್ಸ್‌ನಲ್ಲಿ ರಷ್ಯಾದ ಮೀಟಿಯೋರ್-ಎಂ ಹವಾಮಾನ ಉಪಗ್ರಹದ ಸಿಗ್ನಲ್ ಹಿಡಿದು, ಸ್ಯಾಟ್‌ಡಂಪ್ ತಂತ್ರಾಂಶದಲ್ಲಿ ಚಿತ್ರ ಬಿಡಿಸಬಹುದು. ಅಪಾರ್ಟ್‌ಮೆಂಟ್ ಯಾವ ದಿಕ್ಕಿನಲ್ಲಿ ಎಷ್ಟು ಡಿಗ್ರಿವರೆಗೆ ಅಡ್ಡ ಬರುತ್ತದೆ ಎಂದು ಬರೆದಿಡಿ. ಗ್ರೌಂಡ್ ಸ್ಟೇಷನ್‌ಗಳಲ್ಲೂ ಇಂಥದೇ ಪಟ್ಟಿ ಇರುತ್ತದೆ. ಇದು ಕೇಳಿಸಿಕೊಳ್ಳುವ ಅಭ್ಯಾಸ ಮಾತ್ರ. ಹ್ಯಾಮ್ (ಹವ್ಯಾಸಿ ರೇಡಿಯೋ) ಆವರ್ತನದಲ್ಲಿ ನೀವೇ ಸಿಗ್ನಲ್ ಕಳಿಸಬೇಕೆಂದರೆ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ಪಡೆಯಬೇಕು.