ಎಕ್ಸ್‌ರೇ ನಾರ್ಮಲ್, ನೋವು ಮಾತ್ರ ಹೋಗಿಲ್ಲ

ಮೆಣಸು ಕುಯ್ಲು ಶುರುವಾಯಿತೆಂದರೆ ಚಿಕ್ಕಮಗಳೂರಿನ ನಮ್ಮಂಥ ಮೂಳೆ ಡಾಕ್ಟರುಗಳ ಹತ್ತಿರ ಏಣಿಯಿಂದ ಬಿದ್ದವರು ಬರುತ್ತಾರೆ. ಸಿಲ್ವರ್ ಮರದಿಂದ ಜಾರುವಾಗ ಅಂಗೈ ಊರಿರುತ್ತಾರೆ. ಎಕ್ಸ್‌ರೇಯಲ್ಲಿ ಮುರಿತ ಕಾಣದಿದ್ದರೆ ಉಳುಕು ಎಂದು ಪಟ್ಟಿ ಕಟ್ಟಿಸಿಕೊಂಡು ಸುಮ್ಮನಾಗುತ್ತಾರೆ. ಎಷ್ಟೋ ವಾರದ ಮೇಲೆ ಬಂದು, "ಮುರಿದಿಲ್ಲ ಅಂದ್ರಲ್ಲ ಡಾಕ್ಟ್ರೇ, ಮತ್ಯಾಕೆ ಬಿಂದಿಗೆ ಎತ್ತಕ್ಕಾಗಲ್ಲ?" ಎನ್ನುತ್ತಾರೆ.

ನಾನು ಮೊದಲು ಮಣಿಕಟ್ಟಿನ ಮೇಲ್ಭಾಗದ ನಡುವೆ ಹೆಬ್ಬೆರಳಿಟ್ಟು ಒತ್ತುತ್ತೇನೆ. ಅಲ್ಲೇ ಚುರುಕ್ ಎಂದರೆ ಸ್ಕೇಫಾಯ್ಡ್, ಲುನೇಟ್ ಎಂಬ ಮಣಿಕಟ್ಟಿನ ಎರಡು ಸಣ್ಣ ಮೂಳೆಗಳನ್ನು ಹಿಡಿದಿಟ್ಟ ನಾರಿನ ಮೇಲೆ, ಅಂದರೆ ಲಿಗಮೆಂಟಿನ ಮೇಲೆ, ಅನುಮಾನ. ಆಗ ಎರಡೂ ಕೈಯಲ್ಲಿ ಪೆನ್ಸಿಲ್ ಬಿಗಿಯಾಗಿ ಹಿಡಿಸಿ ಒಂದೇ ಎಕ್ಸ್‌ರೇ ತೆಗೆಸುತ್ತೇನೆ. ಮುಷ್ಟಿ ಬಿಗಿದಾಗ ಮೇಲಿನ ಕ್ಯಾಪಿಟೇಟ್ ಮೂಳೆ ಆ ಎರಡರ ಮಧ್ಯೆ ಒತ್ತುತ್ತದೆ. ಲಿಗಮೆಂಟ್ ಹರಿದಿದ್ದರೆ ಸಂದು ಬಾಯಿಬಿಡುತ್ತದೆ. 3 ಮಿಲಿಮೀಟರ್ ದಾಟಿ, ಇನ್ನೊಂದು ಕೈಗಿಂತ ಅಗಲವಿದ್ದರೆ ನಾನು ಬಿಡುವುದಿಲ್ಲ. ಇಷ್ಟು ಅಗ್ಗದ, ಇಷ್ಟು ಉಪಯೋಗದ ಪರೀಕ್ಷೆಯನ್ನು ನಾವು ಬರೆಯುವುದೇ ಕಡಿಮೆ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ. ಆದರೆ ಭಾಗಶಃ ಹರಿದಿದ್ದರೆ ಇದರಲ್ಲೂ ಸಂದು ಕಾಣದೇ ಹೋಗಬಹುದು.

ಅಲ್ಟ್ರಾಸೌಂಡಿನಲ್ಲಿ ಲಿಗಮೆಂಟಿನ ಮೇಲಿನ ಪಟ್ಟಿ ಕಾಣುತ್ತದೆ, ಆದರೆ ಎಲ್ಲವೂ ಮಾಡುವವರ ಕೈಚಳಕದ ಮೇಲೆ.

ಎಂಆರ್‌ಐ ಬರೆಯುವಾಗ ಮಣಿಕಟ್ಟಿನ ಕಾಯಿಲ್ (ಕೈಗೆ ಹೊಂದುವಂತೆ ಹಾಕುವ, ಸಿಗ್ನಲ್ ಹಿಡಿಯುವ ಸಾಧನ) ಹಾಕಿ, ತೆಳು ಸ್ಲೈಸ್ ತೆಗೆಯಿರಿ ಎಂದು ಕೇಳುತ್ತೇನೆ. ಯಂತ್ರದ ಕಾಂತಶಕ್ತಿ 1.5 ಟೆಸ್ಲಾ ಇರುವುದಕ್ಕಿಂತ 3 ಟೆಸ್ಲಾ ಇದ್ದರೆ ಸ್ಪಷ್ಟ. ಎಕ್ಸ್‌ರೇಗೆ ಸಿಗದ ಸಣ್ಣ ಬಿರುಕು, ಮೂಳೆಯೊಳಗಿನ ಪೆಟ್ಟು ಕೂಡ ಸಿಗುತ್ತವೆ. ಲಿಗಮೆಂಟಿನ ಸಣ್ಣ ಹರುಕು ಮಾತ್ರ ತಪ್ಪಿಸಿಕೊಳ್ಳಬಹುದು, ಆದ್ದರಿಂದ ರಿಪೋರ್ಟ್ ನಾರ್ಮಲ್ ಎಂದಾಕ್ಷಣ ನೋವಿರುವ ಕೈಯನ್ನು ಮನೆಗೆ ಕಳಿಸುವುದಿಲ್ಲ. ಕೀಲಿನೊಳಗೆ ಡೈ ಚುಚ್ಚಿ ಮಾಡುವ ಎಂಆರ್ ಆರ್ತ್ರೋಗ್ರಫಿಯಲ್ಲಿ ಡೈ ಪಕ್ಕದ ಕೀಲಿಗೆ ಸೋರಿದರೆ ಲಿಗಮೆಂಟಿನಲ್ಲಿ ತೂತಿದೆ ಎಂದರ್ಥ. ಹಳೆಯ ಪೇಸ್‌ಮೇಕರ್ ಇದ್ದು ಎಂಆರ್‌ಐ ಆಗದವರಿಗೆ ಸಿಟಿ ಆರ್ತ್ರೋಗ್ರಫಿ, ಅಂದರೆ ಡೈ ಚುಚ್ಚಿ ಸಿಟಿ ಸ್ಕ್ಯಾನ್. ಮೃದ್ವಸ್ಥಿಯ ಸವೆತ ಅದರಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ.

ವಯಸ್ಸಾದವರಲ್ಲಿ ನೋವೇ ಇಲ್ಲದ ತೂತುಗಳೂ ಇರುತ್ತವೆ. ಬರೀ ಸೋರಿಕೆ ನೋಡಿ ಆಪರೇಷನ್ ಮಾಡಬಾರದು. ಗೊಂದಲ ಉಳಿದರೆ ಆರ್ತ್ರೋಸ್ಕೋಪಿಯಲ್ಲಿ, ಅಂದರೆ ಕೀಲಿನೊಳಗೆ ಸಣ್ಣ ಕ್ಯಾಮೆರಾ ಇಳಿಸಿ, ಕಣ್ಣಾರೆ ನೋಡಬೇಕು, ಆಗಲೇ ಸರಿಪಡಿಸಲೂಬಹುದು.

ಸ್ಕ್ಯಾನಿಗೆ ಕಳಿಸುವ ಚೀಟಿಯಲ್ಲಿ ನಾನು ಬರೀ ಮಣಿಕಟ್ಟು ನೋವು ಎಂದು ಬರೆಯುವುದಿಲ್ಲ. ಯಾವಾಗ ಬಿದ್ದರು, ಹೇಗೆ ಊರಿದರು, ಒತ್ತಿದರೆ ಎಲ್ಲಿ ನೋವು, ಯಾವ ಲಿಗಮೆಂಟ್ ನೋಡಬೇಕು ಎಂದು ಬಿಡಿಸಿ ಬರೆಯುತ್ತೇನೆ.