ಫೋರ್‌ಕ್ಲೋಷರ್ ಪಟ್ಟಿಗೆ ಚಂದಾ ಕಟ್ಟುವ ಮೊದಲು: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ಕನ್ನಡ ಕೂಟದ ಕಾರ್ಯಕ್ರಮಗಳಲ್ಲಿ ಹೊಸಬರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: “ಜಾಲತಾಣದಲ್ಲಿ ಅರ್ಧ ಬೆಲೆಗೆ ಫೋರ್‌ಕ್ಲೋಷರ್ (ಗೃಹಸಾಲ ಕಟ್ಟದ್ದಕ್ಕೆ ಹರಾಜಿಗೆ ಬರುವ) ಮನೆ ಇದೆ, ಚಂದಾ ಕಟ್ಟಿದರೆ ಪೂರ್ತಿ ವಿಳಾಸ ಕೊಡುತ್ತಾರಂತೆ. ಕಟ್ಟಬಹುದೇ?” ಕಟ್ಟಬೇಡಿ. ಆ ಪಟ್ಟಿಗಳಲ್ಲಿರುವ ಎಷ್ಟೋ ಮನೆಗಳು ಮಾರಾಟಕ್ಕೇ ಇರುವುದಿಲ್ಲ.

ಗೃಹಸಾಲದ ಕಂತು ನಿಂತ ಮೇಲೆ ಮನೆ ಮೂರು ಹಂತಗಳನ್ನು ದಾಟುತ್ತದೆ. ಮೊದಲು ನೋಟಿಸ್; ಕೇಂದ್ರದ ನಿಯಮದಂತೆ ಸಾಮಾನ್ಯವಾಗಿ ಬಾಕಿ 120 ದಿನ ಮೀರುವವರೆಗೆ ಸಾಲ ಸಂಸ್ಥೆ ಈ ಹೆಜ್ಜೆಯನ್ನೇ ಇಡುವಂತಿಲ್ಲ. ಆಮೇಲೆ ಹರಾಜು. ಹರಾಜಿನಲ್ಲಿ ಯಾರೂ ಕೊಳ್ಳದಿದ್ದರೆ ಮನೆ ಬ್ಯಾಂಕಿನ ಪಾಲಾಗುತ್ತದೆ. ಜಾಲತಾಣಗಳು ಈ ಮೂರನ್ನೂ ಒಂದೇ ಪಟ್ಟಿಗೆ ತುಂಬುತ್ತವೆ. ನೋಟಿಸ್ ಹಂತದ ಮನೆಯಲ್ಲಿ ಇನ್ನೂ ಅದರ ಮಾಲೀಕರೇ ವಾಸವಿರುತ್ತಾರೆ, ಸಾಲ ಸರಿಪಡಿಸಲು ಓಡಾಡುತ್ತಿರುತ್ತಾರೆ. ಪಟ್ಟಿ ನೋಡಿಕೊಂಡು ಹೋಗಿ ಅವರ ಬಾಗಿಲು ತಟ್ಟುವುದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಕಷ್ಟದಲ್ಲಿರುವ ಸಂಸಾರಕ್ಕೆ ಅದು ಇನ್ನೊಂದು ಪೆಟ್ಟು.

ಬೆಲೆ ಎಂದು ತೋರಿಸುವ ಅಂಕಿಯೂ ಅನೇಕ ಸಲ ಬೆಲೆಯಲ್ಲ. ಅದು ಉಳಿದ ಸಾಲದ ಮೊತ್ತವಿರಬಹುದು, ಬಾಕಿ ಕಂತುಗಳ ಮೊತ್ತವಿರಬಹುದು, ಹರಾಜಿನ ಆರಂಭದ ಕೂಗು ಇರಬಹುದು. ಐದು ಲಕ್ಷ ಡಾಲರ್ ಬಾಳುವ ಮನೆಯ ಮುಂದೆ ಎರಡು ಲಕ್ಷ ಎಂದು ಬರೆದಿದ್ದರೆ, ಅಷ್ಟಕ್ಕೆ ಕೊಡುತ್ತೇವೆಂದು ಯಾರೂ ಹೇಳಿಲ್ಲ ಎಂದೇ ತಿಳಿಯಿರಿ.

ಇನ್ನು ಹಳಸಿದ ಮಾಹಿತಿ. ಮಾಲೀಕರು ಬಾಕಿ ತೀರಿಸಿದರೆ ಹರಾಜು ರದ್ದಾಗುತ್ತದೆ, ಸಾಲದ ಷರತ್ತು ಬದಲಾದರೂ ರದ್ದಾಗುತ್ತದೆ. ಅವರು ದಿವಾಳಿ ಅರ್ಜಿ ಹಾಕಿದರೆ ಸಾಮಾನ್ಯವಾಗಿ ಆ ಕ್ಷಣದಿಂದಲೇ ತಡೆ ಬೀಳುತ್ತದೆ. ಇದೆಲ್ಲ ಹರಾಜಿನ ಹಿಂದಿನ ದಿನವೂ ಆಗಬಹುದು. ನ್ಯೂಯಾರ್ಕ್, ನ್ಯೂಜೆರ್ಸಿಯಂಥ ರಾಜ್ಯಗಳಲ್ಲಿ ಫೋರ್‌ಕ್ಲೋಷರ್ ನ್ಯಾಯಾಲಯದ ಮೂಲಕವೇ ನಡೆಯುವುದರಿಂದ ಒಂದು ಪ್ರಕರಣ ವರ್ಷಗಟ್ಟಲೆ ಎಳೆಯುತ್ತದೆ. ಟೆಕ್ಸಾಸ್‌ನಲ್ಲಿ ಹೆಚ್ಚಿನವು ನ್ಯಾಯಾಲಯಕ್ಕೆ ಹೋಗದೆ, ತಿಂಗಳ ಮೊದಲ ಮಂಗಳವಾರದ ಹರಾಜಿನಲ್ಲಿ ಮುಗಿಯುತ್ತವೆ. ಇಷ್ಟು ಬಗೆಯ ದಾಖಲೆಗಳನ್ನು ದೇಶದ ಮೂರು ಸಾವಿರಕ್ಕೂ ಹೆಚ್ಚು ಕೌಂಟಿಗಳಿಂದ (ನಮ್ಮ ಜಿಲ್ಲೆಗಳಂಥವು) ಒಟ್ಟುಗೂಡಿಸುವ ಜಾಲತಾಣ ಹಿಂದೆ ಬೀಳದೆ ಇರುವುದು ಕಷ್ಟ. ಆದರೂ ಕೆಲವು ತಾಣಗಳು ಮಾರಿಹೋದ ಮನೆಯನ್ನು ತಿಂಗಳುಗಟ್ಟಲೆ ಉಳಿಸಿಕೊಂಡು ಚಂದಾದಾರರನ್ನು ಸೆಳೆಯುವುದನ್ನು ಕಂಡರೆ ಸಿಟ್ಟು ಬರುತ್ತದೆ. ಉಚಿತ ಅವಧಿಯೆಂದು ಕ್ರೆಡಿಟ್ ಕಾರ್ಡ್ ಸಂಖ್ಯೆ ಕೇಳಿದರೆ ಅಲ್ಲೇ ನಿಲ್ಲಿ. ರದ್ದು ಮಾಡುವುದನ್ನು ಮರೆತರೆ ಪ್ರತಿ ತಿಂಗಳೂ ಹಣ ಹೋಗುತ್ತಿರುತ್ತದೆ.

ನಂಬುವುದಾದರೆ ಮೂಲ ದಾಖಲೆಯನ್ನು ನಂಬಿ. ನೋಟಿಸ್, ಹರಾಜಿನ ಪ್ರಕಟಣೆ, ಕ್ರಯಪತ್ರ ಎಲ್ಲವೂ ಕೌಂಟಿಯ ದಾಖಲೆ ಕಚೇರಿಯಲ್ಲೋ ನ್ಯಾಯಾಲಯದ ಕ್ಲರ್ಕ್ ಬಳಿಯೋ ಸಾರ್ವಜನಿಕವಾಗಿ ಸಿಗುತ್ತವೆ. ಎಷ್ಟೋ ಕೌಂಟಿಗಳಲ್ಲಿ ಅಂತರ್ಜಾಲದಲ್ಲೇ ಹುಡುಕಬಹುದು. ಫ್ಲೋರಿಡಾದ ಅನೇಕ ಕೌಂಟಿಗಳಲ್ಲಿ ಹರಾಜೇ ಅಂತರ್ಜಾಲದಲ್ಲಿ ನಡೆಯುತ್ತದೆ. ಸರ್ಕಾರಿ ವಿಮೆಯ ಸಾಲ ಕೆಟ್ಟು ಕೇಂದ್ರದ ವಸತಿ ಇಲಾಖೆಗೆ ಬಂದ ಮನೆಗಳು ‘ಹಡ್ ಹೋಮ್ ಸ್ಟೋರ್’ ತಾಣದಲ್ಲಿ, ಗೃಹಸಾಲಗಳನ್ನು ಬ್ಯಾಂಕುಗಳಿಂದ ಕೊಳ್ಳುವ ಫ್ಯಾನಿ ಮೇ ಸಂಸ್ಥೆಯವು ‘ಹೋಮ್‌ಪಾತ್’ನಲ್ಲಿ ಇರುತ್ತವೆ. ಎರಡನ್ನೂ ನೋಡಲು ಶುಲ್ಕವಿಲ್ಲ, ಎರಡರಲ್ಲೂ ಆರಂಭದ ದಿನಗಳಲ್ಲಿ ಸ್ವಂತ ವಾಸಕ್ಕೆ ಕೊಳ್ಳುವವರಿಗೆ ಆದ್ಯತೆಯಿದೆ. ಬ್ಯಾಂಕಿನ ಮನೆಗಳು ಬಹುಮಟ್ಟಿಗೆ ಸಾಮಾನ್ಯ ಏಜೆಂಟರ ಪಟ್ಟಿಗೇ ಬರುತ್ತವೆ. ಹೊಸಬರು ಅಲ್ಲಿಂದಲೇ ಕೊಳ್ಳಲಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಒಳಗೆ ಹೋಗಿ ನೋಡಬಹುದು, ತಪಾಸಣೆ ಮಾಡಿಸಬಹುದು, ಸಾಲ ಪಡೆಯಬಹುದು.

ಹರಾಜಿನಲ್ಲಿ ಈ ಅನುಕೂಲಗಳು ಸಾಮಾನ್ಯವಾಗಿ ಇರುವುದಿಲ್ಲ. ಹಣವನ್ನೂ ಅಂದೇ ಅಥವಾ ಕೆಲವೇ ದಿನಗಳಲ್ಲಿ ಕಟ್ಟಬೇಕು. ಊರಿನಲ್ಲಿ ಋಣಭಾರ ಪತ್ರ ತೆಗೆಸದೆ ಯಾರಾದರೂ ನಿವೇಶನ ಕೊಳ್ಳುತ್ತಾರೆಯೇ? ಇಲ್ಲಿಯೂ ಟೈಟಲ್ ಶೋಧನೆ ಮಾಡಿಸದೆ ಕೂಗಬೇಡಿ. ಹರಾಜಾಗುತ್ತಿರುವುದು ಎರಡನೆಯ ಸಾಲಕ್ಕಾಗಿದ್ದರೆ ಮೊದಲನೆಯ ಸಾಲ ಮನೆಯ ಮೇಲೆ ಹಾಗೆಯೇ ಉಳಿಯುತ್ತದೆ. ಆಸ್ತಿ ತೆರಿಗೆಯ ಬಾಕಿಯೂ ಉಳಿಯುತ್ತದೆ. ಮಾಲೀಕರ ಕೇಂದ್ರ ತೆರಿಗೆ ಬಾಕಿಗಾಗಿ ಮನೆಯ ಮೇಲೆ ಹಕ್ಕು ದಾಖಲಾಗಿದ್ದರೆ, ಹರಾಜಿನ ನಂತರ ಕನಿಷ್ಠ 120 ದಿನಗಳವರೆಗೆ ಹಣ ಕೊಟ್ಟು ಆ ಮನೆಯನ್ನು ಬಿಡಿಸಿಕೊಳ್ಳುವ ಅಧಿಕಾರ ಸರ್ಕಾರಕ್ಕೆ ಇರಬಹುದು. ಮಿಷಿಗನ್‌ನಂಥ ರಾಜ್ಯಗಳಲ್ಲಿ ಹಳೆಯ ಮಾಲೀಕರಿಗೂ ಹರಾಜಿನ ನಂತರ ಬಿಡಿಸಿಕೊಳ್ಳಲು ತಿಂಗಳುಗಳ ಅವಕಾಶವಿದೆ. ಇವಾವುದನ್ನೂ ಜಾಲತಾಣದ ಪುಟ ಹೇಳುವುದಿಲ್ಲ.

ನೀವು ಬಾಡಿಗೆಗಿರುವ ಮನೆಯೇ ಇಂಥ ಪಟ್ಟಿಯಲ್ಲಿ ಕಾಣಿಸಿಕೊಂಡರೆ ಗಾಬರಿಪಡಬೇಡಿ, ಬಾಡಿಗೆ ನಿಲ್ಲಿಸಲೂ ಬೇಡಿ. ಮೊದಲು ಕೌಂಟಿ ದಾಖಲೆಯಲ್ಲಿ ನಿಜವೇ ಎಂದು ನೋಡಿ. ನಿಜವಾಗಿದ್ದು ಮನೆ ಹರಾಜಾದರೂ, ಮಾಲೀಕರ ಹತ್ತಿರದ ಸಂಬಂಧಿಯಲ್ಲದೆ ನ್ಯಾಯವಾದ ಬಾಡಿಗೆ ಕಟ್ಟುತ್ತಿರುವವರಿಗೆ ಕನಿಷ್ಠ 90 ದಿನಗಳ ನೋಟಿಸ್ ಕೊಡಬೇಕೆಂಬ ಕೇಂದ್ರ ಕಾನೂನು 2018ರಿಂದ ಶಾಶ್ವತವಾಗಿದೆ. ಹರಾಜಿಗೆ ಮೊದಲೇ ಮಾಡಿಕೊಂಡ ಲೀಸ್ ಇದ್ದರೆ, ಹೊಸ ಮಾಲೀಕರು ತಾವೇ ವಾಸಕ್ಕೆ ಬರುವ ಸಂದರ್ಭ ಬಿಟ್ಟು, ಅದರ ಅವಧಿ ಮುಗಿಯುವವರೆಗೆ ನೀವು ಅಲ್ಲಿಯೇ ಇರಬಹುದು. ಲೀಸ್ ಪತ್ರ ಮತ್ತು ಬಾಡಿಗೆ ಕಟ್ಟಿದ ದಾಖಲೆಗಳನ್ನು ಒಂದೆಡೆ ಜೋಪಾನವಾಗಿಡಿ.